ತ್ರಿಶಂಕುವಿನ ಮಗ್ಗುಲಲ್ಲಿ ರತ್ನದ ಪೆಟ್ಟಿಗೆ



ಸಶರೀರನಾಗಿ ಸ್ವರ್ಗಕ್ಕೆ ಹೊರಟ ತ್ರಿಶಂಕುವಿನ ಕಥೆ ಎಲ್ಲರಿಗೂ ಗೊತ್ತು. ವಿಶ್ವಾಮಿತ್ರ ಮೇಲಕ್ಕೆ ಕಳಿಸಿದ, ಇಂದ್ರ ಕೆಳಕ್ಕೆ ತಳ್ಳಿದ. ಪಾಪ, ಆ ಅರಸ ನಡುವೆಯೇ ತಲೆಕೆಳಗಾಗಿ ನಿಂತುಬಿಟ್ಟ. ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎನ್ನುವ ಫಜೀತಿಗೆ ‘ತ್ರಿಶಂಕು ಸ್ಥಿತಿ’ ಎನ್ನುವುದು ಇಂದಿಗೂ ರೂಢಿಯ ಮಾತು. ಆದರೆ ತ್ರಿಶಂಕು ಇರುವುದು ಬರಿಯ ಮಾತಿನಲ್ಲಷ್ಟೇ ಅಲ್ಲ, ಆಕಾಶದಲ್ಲೂ ಇದ್ದಾನೆ. ದಕ್ಷಿಣ ದಿಗಂತದ ಹತ್ತಿರ ಗಾಳಿಪಟದಂತೆ ಕಾಣುವ ನಾಲ್ಕು ನಕ್ಷತ್ರಗಳ ಪುಂಜಕ್ಕೆ ನಮ್ಮಲ್ಲಿ ಆತನ ಹೆಸರಿದೆ. ಪಾಶ್ಚಾತ್ಯರು ಅದನ್ನೇ ದಕ್ಷಿಣದ ಶಿಲುಬೆ ಎಂದು ಕರೆದರು.

ಈ ನಾಲ್ಕು ನಕ್ಷತ್ರಗಳ ಪೈಕಿ ಎಡಗಡೆಯದರ ಪಕ್ಕದಲ್ಲಿ, ಪೂರ್ಣಚಂದ್ರನನ್ನು ಎರಡು ಸಲ ಇಟ್ಟು ಅಳೆದಷ್ಟು ದೂರದಲ್ಲಿ, ಮಸುಕಾದ ಒಂದು ಚುಕ್ಕೆ ಇದೆ. ಬರಿಗಣ್ಣಿಗೆ ಅದೊಂದು ಸಾಧಾರಣ ನಕ್ಷತ್ರ. ಅದು ಒಂದಲ್ಲ, ನೂರಕ್ಕೂ ಹೆಚ್ಚು ನಕ್ಷತ್ರಗಳ ಸಂಸಾರ ಎಂದು ಮನುಷ್ಯನಿಗೆ ತಿಳಿದದ್ದು ಕೇವಲ ಎರಡೂಮುಕ್ಕಾಲು ಶತಮಾನದಿಂದ ಈಚೆಗೆ. ಖಗೋಳಜ್ಞರ ಪಟ್ಟಿಯಲ್ಲಿ ಅದರ ಹೆಸರು ‘ಎನ್‌ಜಿಸಿ 4755’. ಜನರ ಬಾಯಲ್ಲಿ ‘ಜ್ಯುವೆಲ್ ಬಾಕ್ಸ್’, ಅಂದರೆ ರತ್ನದ ಪೆಟ್ಟಿಗೆ.

ಈ ಪೆಟ್ಟಿಗೆಯನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಒಂದೇ ಸಾಲಿನ ಉತ್ತರ ಸಿಗುತ್ತದೆ. ಆದರೆ ಆ ಉತ್ತರದ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಎಲ್ಲರ ಕಣ್ಣೆದುರಿಗೇ ಇದ್ದ ವಸ್ತುವನ್ನು ಒಬ್ಬ ‘ಕಂಡುಹಿಡಿದ’ ಎಂದರೆ ಅರ್ಥವೇನು?

ಅರ್ಧ ಅಂಗುಲದ ದೂರದರ್ಶಕ

ತ್ರಿಶಂಕುವನ್ನು ಮೊದಲು ನೋಡಿದವರು ಯೂರೋಪಿನವರೇನಲ್ಲ. ದಕ್ಷಿಣ ಗೋಳಾರ್ಧದ ಜನ ಸಾವಿರಾರು ವರ್ಷಗಳಿಂದ ಅದನ್ನು ನೆತ್ತಿಯ ಮೇಲೆ ಕಂಡವರು. ಆ ಪುಂಜದ ಪಕ್ಕದಲ್ಲಿ ಕ್ಷೀರಪಥದ ಬೆಳಕನ್ನೇ ಮುಚ್ಚಿದಂತೆ ಒಂದು ಕಪ್ಪು ಮಚ್ಚೆ ಇದೆ. ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲಿ ಹಲವು ಸಮುದಾಯಗಳು ಆ ಕಪ್ಪಿನಲ್ಲಿ ಎಮು ಹಕ್ಕಿಯ ತಲೆಯನ್ನು ಗುರುತಿಸಿದವು. ಉಳಿದವರು ನಕ್ಷತ್ರಗಳನ್ನು ಸೇರಿಸಿ ಚಿತ್ರ ಬರೆದರೆ, ಇವರು ಕತ್ತಲೆಯಲ್ಲೇ ಚಿತ್ರ ಕಂಡರು.

ಪ್ರಾಚೀನ ಗ್ರೀಕರಿಗೂ ಈ ನಕ್ಷತ್ರಗಳು ಅಪರಿಚಿತವಲ್ಲ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಅವುಗಳನ್ನು ಪಕ್ಕದ ‘ಸೆಂಟಾರಸ್’ ಪುಂಜದ ಭಾಗವಾಗಿ ಲೆಕ್ಕಹಾಕಿದ್ದ. ಭೂಮಿಯ ಅಕ್ಷ ಬುಗುರಿಯಂತೆ ಸುಮಾರು 26 ಸಾವಿರ ವರ್ಷಗಳಿಗೊಮ್ಮೆ ಒಂದು ಸುತ್ತು ವಾಲುತ್ತದೆ. ಈ ಅಯನಚಲನೆಯಿಂದಾಗಿ ಶಿಲುಬೆ ಯೂರೋಪಿನ ದಿಗಂತದಿಂದ ಮೆಲ್ಲಮೆಲ್ಲಗೆ ಕೆಳಗಿಳಿದು ಕಣ್ಮರೆಯಾಯಿತು. ಸಮಭಾಜಕ ದಾಟಿ ಹಡಗು ನಡೆಸಿದ ನಾವಿಕರು ಮತ್ತೆ ಅದನ್ನು ಕಂಡಾಗ ಹೊಸದೆಂದು ಬೆರಗಾದರು.

ನಾವಿಕರಿಗೆ ನಕ್ಷತ್ರಗಳು ದಾರಿ ತೋರುವ ಗುರುತುಗಳು. ಆದರೆ ದಕ್ಷಿಣದ ಆಕಾಶದ ಕರಾರುವಾಕ್ಕಾದ ನಕಾಶೆ ಯಾರ ಬಳಿಯೂ ಇರಲಿಲ್ಲ. ಈ ಕೊರತೆ ತುಂಬಲು ಹೊರಟವನು ಫ್ರಾನ್ಸಿನ ನಿಕೊಲಾ ಲೂಯಿ ದ ಲಕಾಯ್. 1713ರಲ್ಲಿ ರುಮಿನ್ಯಿ ಎಂಬ ಊರಿನಲ್ಲಿ ಹುಟ್ಟಿದವನು. ಪಾದ್ರಿಯಾಗಲು ಓದಿ ಗಣಿತದ ಕಡೆ ಹೊರಳಿದ. ಪ್ಯಾರಿಸಿನ ಮಜಾರಿನ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ. 1750ರ ಕೊನೆಯಲ್ಲಿ ಹಡಗು ಹತ್ತಿ 1751ರ ಏಪ್ರಿಲ್‌ನಲ್ಲಿ ಆಫ್ರಿಕದ ದಕ್ಷಿಣ ತುದಿಯ ಕೇಪ್ ಟೌನ್‌ಗೆ ಬಂದಿಳಿದ. ಆಗ ಆ ಊರು ಡಚ್ ಈಸ್ಟ್ ಇಂಡಿಯಾ ಕಂಪನಿಯ ವಶದಲ್ಲಿತ್ತು.

ಅವನ ವಿಧಾನ ಸರಳವಾದದ್ದು, ಆದರೆ ಬೆನ್ನು ಮುರಿಯುವಂಥದು. ದೂರದರ್ಶಕವನ್ನು ಒಂದೇ ಎತ್ತರಕ್ಕೆ ಬಿಗಿದಿಟ್ಟು ಆಕಾಶವೇ ಅದರ ಮುಂದೆ ಹಾದುಹೋಗಲು ಬಿಡುವುದು. ಕಣ್ಣಿಡುವ ಕಡೆ ವಜ್ರಾಕೃತಿಯ ಒಂದು ಚೌಕಟ್ಟು. ನಕ್ಷತ್ರ ಆ ಚೌಕಟ್ಟನ್ನು ಹೊಕ್ಕ ಕ್ಷಣ ಯಾವುದು, ಹೊರಬಿದ್ದ ಕ್ಷಣ ಯಾವುದು ಎಂದು ಗಡಿಯಾರ ನೋಡಿ ಬರೆದುಕೊಳ್ಳುವುದು. ಆ ಎರಡು ಕ್ಷಣಗಳಿಂದ ನಕ್ಷತ್ರದ ಸ್ಥಾನವನ್ನು ಲೆಕ್ಕಹಾಕುವುದು. ಒಂದು ಪಟ್ಟಿ ಮುಗಿದರೆ ಮರುರಾತ್ರಿ ಇನ್ನೊಂದು ಪಟ್ಟಿ. 1751ರ ಆಗಸ್ಟ್‌ನಿಂದ 1752ರ ಜುಲೈವರೆಗೆ, ಒಂದು ವರ್ಷವೂ ತುಂಬದ ಅವಧಿಯಲ್ಲಿ, ಹೀಗೆ ಸುಮಾರು 10 ಸಾವಿರ ನಕ್ಷತ್ರಗಳನ್ನು ಅವನು ದಾಖಲಿಸಿದ.

ಇಷ್ಟಕ್ಕೂ ಅವನ ಕೈಯಲ್ಲಿದ್ದ ದೂರದರ್ಶಕದ ಮಸೂರ ಕೇವಲ ಅರ್ಧ ಅಂಗುಲ ಅಗಲದ್ದು. ವಸ್ತುವನ್ನು ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತಿತ್ತು, ಅಷ್ಟೆ. ಇಂದು ಹಕ್ಕಿ ನೋಡಲು ಹೊರಡುವವರ ಕೊರಳಲ್ಲಿ ತೂಗುವ ಬೈನಾಕ್ಯುಲರ್ ಅದಕ್ಕಿಂತ ಎಷ್ಟೋ ಮೇಲು.

ನಕ್ಷತ್ರಗಳನ್ನು ಎಣಿಸುತ್ತಾ ಹೋದ ಲಕಾಯ್‌ಗೆ ಅಲ್ಲಲ್ಲಿ ಮಂಜಿನಂಥ ವಸ್ತುಗಳು ಎದುರಾದವು. ಅಂಥ 42ನ್ನು ಆರಿಸಿ, ತಲಾ 14ರಂತೆ ಮೂರು ವರ್ಗ ಮಾಡಿ, 1755ರಲ್ಲಿ ಪ್ರಕಟಿಸಿದ. ನಕ್ಷತ್ರವೇ ಕಾಣದ ಬರೀ ಮಂಜು ಒಂದು ವರ್ಗ. ಮಂಜಿನಂತೆ ತೋರುವ ನಕ್ಷತ್ರಗಳ ಗುಂಪು ಎರಡನೆಯದು. ಮಂಜಿನ ಜೊತೆಗಿರುವ ನಕ್ಷತ್ರಗಳು ಮೂರನೆಯದು. ಶಿಲುಬೆಯ ಪಕ್ಕದ ಮಸುಕು ಚುಕ್ಕೆಯನ್ನು ಅವನು ಎರಡನೆಯ ವರ್ಗಕ್ಕೆ ಸೇರಿಸಿದ. ಆ ಪುಟ್ಟ ಕೊಳವೆಯಲ್ಲಿ ಅವನಿಗೆ ಬೆರಳೆಣಿಕೆಯ ನಕ್ಷತ್ರಗಳಷ್ಟೇ ಕಂಡಿದ್ದವು. ಆದರೂ ಅದು ಒಂಟಿ ನಕ್ಷತ್ರವಲ್ಲ ಎಂದು ಬರೆದಿಟ್ಟ ಮೊದಲಿಗ ಅವನೇ. ಪುಸ್ತಕಗಳು ಹೇಳುವ ‘ಶೋಧ’ ಇದು.

ಲಕಾಯ್ ದಕ್ಷಿಣದಲ್ಲಿ 14 ಹೊಸ ನಕ್ಷತ್ರಪುಂಜಗಳಿಗೂ ಹೆಸರಿಟ್ಟ. ರಾಜರ ಹೆಸರಲ್ಲ, ದೇವತೆಗಳ ಹೆಸರೂ ಅಲ್ಲ. ದೂರದರ್ಶಕ, ಸೂಕ್ಷ್ಮದರ್ಶಕ, ಗಡಿಯಾರ, ಗಾಳಿಯ ಪಂಪು, ಕುಲುಮೆ, ಕೈವಾರ ಮುಂತಾದ ಉಪಕರಣಗಳ ಹೆಸರು. ಕಣ್ಣಿಡುವ ಕಡೆ ಇದ್ದ ಆ ಚೌಕಟ್ಟಿಗೂ ಆಕಾಶದಲ್ಲಿ ಒಂದು ಜಾಗ ಸಿಕ್ಕಿತು. ತಾನು ಕೆಲಸ ಮಾಡಿದ ಊರಿನ ‘ಟೇಬಲ್’ ಬೆಟ್ಟವನ್ನೂ ಆತ ಮರೆಯಲಿಲ್ಲ. ಆದರೆ ತನ್ನ ಹೆಸರನ್ನು ಎಲ್ಲಿಯೂ ಇಟ್ಟುಕೊಳ್ಳಲಿಲ್ಲ. ಐವತ್ತು ತುಂಬುವ ಮೊದಲೇ, 1762ರಲ್ಲಿ, ತೀರಿಕೊಂಡ. ಅವನ ನಕ್ಷತ್ರಗಳ ಪಟ್ಟಿ ಗ್ರಂಥರೂಪದಲ್ಲಿ ಹೊರಬಂದದ್ದು ಮರುವರ್ಷ.

ಅವನ ಕೇಪ್ ವಾಸದ ಇನ್ನೊಂದು ಕೆಲಸಕ್ಕೆ ನಮ್ಮ ನಾಡಿನ ಇತಿಹಾಸದೊಡನೆ ಕೊಂಡಿಯಿದೆ. ಭೂಮಿಯ ಆಕಾರ ತಿಳಿಯಲು ಲಕಾಯ್ ಅಲ್ಲಿ ನೆಲವನ್ನೂ ಅಳೆದಿದ್ದ. ಅವನ ಲೆಕ್ಕದಂತೆ ಭೂಮಿಯ ದಕ್ಷಿಣಾರ್ಧದ ಆಕಾರ ಉತ್ತರಾರ್ಧದಂತಿರಲಿಲ್ಲ. ಈ ಒಗಟು ಎಷ್ಟೋ ವರ್ಷ ಬಿಡಿಸದೆ ಉಳಿಯಿತು. 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಭಾರತದ ಮಹಾ ಸರ್ವೇಕ್ಷಣೆಯನ್ನು ಮುಂದುವರಿಸಿದವರು ವಿಲಿಯಂ ಲ್ಯಾಂಬ್ಟನ್. ಅವರ ಸಹಾಯಕ ಜಾರ್ಜ್ ಎವರೆಸ್ಟ್ ಕಾಯಿಲೆಯಿಂದ ಚೇತರಿಸಿಕೊಳ್ಳಲು 1820ರಲ್ಲಿ ಕೇಪ್‌ಗೆ ಹೋದರು. ಲಕಾಯ್ ಅಳೆದ ಜಾಗಗಳನ್ನು ನೋಡಿದ ಅವರಿಗೆ ಕಾರಣ ಹೊಳೆಯಿತು. ಪಕ್ಕದ ಬೆಟ್ಟಗಳ ಗುರುತ್ವಾಕರ್ಷಣೆ ತೂಗುಗುಂಡನ್ನು ತನ್ನ ಕಡೆ ಎಳೆದಿರಬೇಕು ಎಂದು ಅವರು ಅನುಮಾನಿಸಿದರು. 1840ರ ದಶಕದಲ್ಲಿ ನಡೆದ ಮರುಅಳತೆ ಈ ಅನುಮಾನವನ್ನು ಬೆಂಬಲಿಸಿತು. ಲಕಾಯ್‌ನ ಕೈ ತಪ್ಪಿರಲಿಲ್ಲ. ಬೆಟ್ಟ ಅವನ ದಾರವನ್ನು ಸೆಳೆದಿತ್ತು.

ಪೆಟ್ಟಿಗೆಗೆ ಹೆಸರು ಬಂದದ್ದು

ಎಂಬತ್ತು ವರ್ಷಗಳ ಬಳಿಕ ಅದೇ ಕೇಪ್ ಟೌನ್‌ಗೆ ಇನ್ನೊಬ್ಬ ಖಗೋಳಜ್ಞ ಬಂದಿಳಿದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮಗ ಜಾನ್ ಹರ್ಷೆಲ್. ತಂದೆ ಇಂಗ್ಲೆಂಡಿನಿಂದ ಉತ್ತರದ ಆಕಾಶವನ್ನು ಜಾಲಾಡಿದ್ದರು. ಮಗ ದಕ್ಷಿಣದ ಆಕಾಶವನ್ನು ಜಾಲಾಡಿ ಆ ಕೆಲಸವನ್ನು ಪೂರ್ತಿ ಮಾಡಲು ಹೊರಟಿದ್ದರು. 1834ರ ಜನವರಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಬಂದು, ಫೆಲ್ಡ್‌ಹೌಸನ್ ಎಂಬ ತೋಟದ ಮನೆಯಲ್ಲಿ 20 ಅಡಿ ಉದ್ದದ ದೂರದರ್ಶಕವನ್ನು ನಿಲ್ಲಿಸಿದರು. ಅದರ ಕನ್ನಡಿಯ ಅಗಲ ಹದಿನೆಂಟು ಅಂಗುಲಕ್ಕೂ ಮಿಗಿಲು. ವಿಸ್ತೀರ್ಣದಲ್ಲಿ ಲಕಾಯ್‌ನ ಮಸೂರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು.

ಹರ್ಷೆಲ್ ಅಲ್ಲಿದ್ದ ನಾಲ್ಕು ವರ್ಷಗಳಲ್ಲಿ ಸ್ವಾರಸ್ಯದ ಸಂಗತಿಗಳು ಬೇಕಾದಷ್ಟು ನಡೆದವು. ಬೀಗಲ್ ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ಯುವಕ ಚಾರ್ಲ್ಸ್ ಡಾರ್ವಿನ್ 1836ರ ಜೂನ್‌ನಲ್ಲಿ ಅವರನ್ನು ಕಂಡು ಹೋದ. ಅದಕ್ಕೂ ಮೊದಲು, 1835ರ ಆಗಸ್ಟ್‌ನಲ್ಲಿ, ನ್ಯೂಯಾರ್ಕಿನ ‘ದಿ ಸನ್’ ಪತ್ರಿಕೆ ಒಂದು ಲೇಖನಮಾಲೆ ಪ್ರಕಟಿಸಿತ್ತು. ಹರ್ಷೆಲ್ ತಮ್ಮ ದೂರದರ್ಶಕದಲ್ಲಿ ಚಂದ್ರನ ಮೇಲೆ ಬಾವಲಿಯಂತೆ ರೆಕ್ಕೆಯುಳ್ಳ ಮನುಷ್ಯರನ್ನು ಕಂಡರೆಂದು ಅದರಲ್ಲಿ ಬರೆದಿತ್ತು! ಓದುಗರು ನಂಬಿದರು. ಪತ್ರಿಕೆ ಚೆನ್ನಾಗಿ ಮಾರಾಟವಾಯಿತು. ಸಾಗರದಾಚೆ ಇದ್ದ ಹರ್ಷೆಲ್ ಅವರಿಗೆ ತಮ್ಮ ಈ ‘ಶೋಧ’ದ ಸುದ್ದಿ ತಿಳಿದದ್ದು ಬಹಳ ತಡವಾಗಿ. ಶೋಧ ಎಂದು ಅಚ್ಚಾದದ್ದೆಲ್ಲ ಶೋಧವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಿಜಕ್ಕೂ ಹರ್ಷೆಲ್ ಕಂಡದ್ದು ಬಾವಲಿ ಮನುಷ್ಯರಿಗಿಂತ ಸುಂದರವಾಗಿತ್ತು. ಶಿಲುಬೆಯ ಪಕ್ಕದ ಚುಕ್ಕೆಯ ಕಡೆ ದೂರದರ್ಶಕ ತಿರುಗಿಸಿದಾಗ ಮಂಜು ಕರಗಿ ನೂರಕ್ಕೂ ಹೆಚ್ಚು ನಕ್ಷತ್ರಗಳಾದವು. ಒಂದೊಂದರ ಸ್ಥಾನವನ್ನೂ ಅವರು ಅಳೆದು ನಕ್ಷೆ ಮಾಡಿದರು. ಬಹುಪಾಲು ನೀಲಿ ಛಾಯೆಯ ಬಿಳಿ ನಕ್ಷತ್ರಗಳ ನಡುವೆ ಒಂದು ಕೆಂಪು ನಕ್ಷತ್ರ ಎದ್ದು ಕಾಣುತ್ತಿತ್ತು. ಇಡೀ ನೋಟವನ್ನು ಅವರು ಬಣ್ಣಬಣ್ಣದ ಹರಳುಗಳ ಆಭರಣಕ್ಕೆ ಹೋಲಿಸಿದರು. 1847ರಲ್ಲಿ ಹೊರಬಂದ ಅವರ ಬೃಹತ್ ಗ್ರಂಥದಲ್ಲಿ ಈ ಹೋಲಿಕೆ ಅಚ್ಚಾಯಿತು. ‘ರತ್ನದ ಪೆಟ್ಟಿಗೆ’ ಎಂಬ ಹೆಸರು ಹುಟ್ಟಿದ್ದು ಅದರಿಂದ. ಮುಂದೆ 1888ರಲ್ಲಿ ಡ್ರೇಯರ್ ಎಂಬ ಖಗೋಳಜ್ಞ ಇಡೀ ಆಕಾಶದ ಇಂಥ ವಸ್ತುಗಳ ಹೊಸ ಪಟ್ಟಿ ಮಾಡಿದಾಗ ಇದಕ್ಕೆ 4755ನೆಯ ಸಂಖ್ಯೆ ದೊರೆಯಿತು.

ಅಂದಮೇಲೆ ಶೋಧಕ ಯಾರು? ಮಸುಕು ಚುಕ್ಕೆ ಒಂಟಿಯಲ್ಲ ಎಂದವನೋ, ನೂರು ನಕ್ಷತ್ರಗಳನ್ನು ಬಿಡಿಸಿ ತೋರಿಸಿದವರೋ? ಇಬ್ಬರಿಗೂ ಗೊತ್ತಿರದ ಒಂದು ಸಂಗತಿ ಇನ್ನೂ ಉಳಿದಿತ್ತು. ಈ ನಕ್ಷತ್ರಗಳು ಏನು, ಅವುಗಳ ವಯಸ್ಸೆಷ್ಟು ಎಂಬುದೇ ಆ ಸಂಗತಿ.

ಒಂದೇ ದಿನ ಬಿತ್ತಿದ ಹೊಲ

ಆಕಾಶದಲ್ಲಿ ನಕ್ಷತ್ರಗಳು ಒತ್ತೊತ್ತಾಗಿ ಕಂಡರೆ ಅವು ನಿಜವಾಗಿಯೂ ಹತ್ತಿರ ಇರಬೇಕೆಂದಿಲ್ಲ. ಒಂದರ ಹಿಂದೆ ಒಂದು ಬಹು ದೂರದಲ್ಲಿದ್ದೂ ಒಂದೇ ನೇರದಲ್ಲಿ ಕಾಣಬಹುದು. 1767ರಲ್ಲಿ ಇಂಗ್ಲೆಂಡಿನ ಜಾನ್ ಮಿಚೆಲ್ ಕೃತ್ತಿಕೆಯ ಉದಾಹರಣೆ ತೆಗೆದುಕೊಂಡು ಇದರ ಲೆಕ್ಕ ಮಾಡಿದ. ಕೃತ್ತಿಕೆಯ ಆರು ಪ್ರಕಾಶಮಾನ ನಕ್ಷತ್ರಗಳು ಬರಿಯ ಆಕಸ್ಮಿಕದಿಂದ ಹಾಗೆ ಗುಂಪಾಗುವ ಸಂಭವ ಸುಮಾರು ಐದು ಲಕ್ಷದಲ್ಲಿ ಒಂದು ಎಂದು ಅವನಿಗೆ ಉತ್ತರ ಬಂತು. ಅಂದರೆ ಅವು ಒಟ್ಟಿಗೇ ಇರುವ ನಿಜವಾದ ಬಳಗ.

ಇಂಥ ಬಳಗವನ್ನು ಇಂದು ಮುಕ್ತ ನಕ್ಷತ್ರಗುಚ್ಛ ಎನ್ನುತ್ತಾರೆ. ಅನಿಲ ಮತ್ತು ದೂಳಿನ ಒಂದೇ ಮೋಡ ಕುಸಿದು, ಒಂದೇ ಕಾಲದಲ್ಲಿ ಹುಟ್ಟಿದ ನಕ್ಷತ್ರಗಳು ಇವು. ಆದ್ದರಿಂದ ಗುಚ್ಛವೆಂದರೆ ಒಂದೇ ದಿನ ಬಿತ್ತನೆಯಾದ ಹೊಲವಿದ್ದಂತೆ. ಹೊಲದಲ್ಲಿ ಬೇಗ ಬಲಿಯುವ ಬೆಳೆಯೂ ಇದೆ, ತಡವಾಗಿ ಬಲಿಯುವ ಬೆಳೆಯೂ ಇದೆ ಎಂದುಕೊಳ್ಳಿ. ಯಾವುದು ಕೊಯ್ಲಿಗೆ ಬಂದಿದೆ, ಯಾವುದು ಇನ್ನೂ ಹಸಿರಾಗಿದೆ ಎಂದು ನೋಡಿದರೆ ಬಿತ್ತಿ ಎಷ್ಟು ದಿನವಾಯಿತೆಂದು ರೈತ ಹೇಳಬಲ್ಲ. ಖಗೋಳಜ್ಞರು ಮಾಡುವುದೂ ಅದನ್ನೇ.

ನಕ್ಷತ್ರಗಳಲ್ಲಿ ಬೇಗ ‘ಬಲಿಯುವವು’ ಭಾರವಾದವು. ಭಾರ ಹೆಚ್ಚಿದಷ್ಟೂ ಇಂಧನ ಹೆಚ್ಚು ಎಂಬುದು ನಿಜ. ಆದರೆ ಅವು ಅದನ್ನು ಉರಿಸುವ ವೇಗ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಒಲೆಗೆ ತುರುಕಿದ ತೆಂಗಿನಗರಿ ಭಗ್ಗನೆ ಉರಿದು ಬೂದಿಯಾಗುತ್ತದೆ, ಹುಣಸೆಯ ಕೊರಡು ರಾತ್ರಿಯಿಡೀ ಕೆಂಡವಾಗಿರುತ್ತದೆ. ನಮ್ಮ ಸೂರ್ಯ ಕೊರಡಿನ ಜಾತಿ. ಅದರ ಆಯುಸ್ಸು ಸುಮಾರು ಸಾವಿರ ಕೋಟಿ ವರ್ಷ. ಈಗ ಸುಮಾರು 460 ಕೋಟಿ ಕಳೆದಿದೆ. ಸೂರ್ಯನಿಗಿಂತ ಹದಿನೈದು ಪಟ್ಟು ಭಾರದ ನಕ್ಷತ್ರವಾದರೆ ಒಂದೂವರೆ ಕೋಟಿ ವರ್ಷದೊಳಗೆ ಅದರ ಕಥೆ ಮುಗಿಯುತ್ತದೆ.

ರತ್ನದ ಪೆಟ್ಟಿಗೆಯಲ್ಲಿ ಭಾರವಾದ ನೀಲಿ ನಕ್ಷತ್ರಗಳು ಇನ್ನೂ ಝಗಝಗಿಸುತ್ತಿವೆ. ಅತಿ ಭಾರದ ಕೆಲವು ಮಾತ್ರ ಮುಪ್ಪಿನತ್ತ ಹೊರಳಿವೆ. ಹರ್ಷೆಲ್ ಕಣ್ಣಿಗೆ ಮಾಣಿಕ್ಯದಂತೆ ಕಂಡ ಕೆಂಪು ನಕ್ಷತ್ರ ಅಂಥದು. ಅದು ಊದಿಕೊಂಡು ಹೊರಮೈ ತಣ್ಣಗಾದ ಮಹಾದೈತ್ಯ. ಮುಂದೊಂದು ದಿನ ಸೂಪರ್‌ನೋವಾ ಆಗಿ ಸಿಡಿಯಬೇಕಾದದ್ದು. ನೀಲಿ ನಕ್ಷತ್ರಗಳು ಎಳೆಯವು, ಕೆಂಪು ನಕ್ಷತ್ರ ಹಿರಿಯದು ಎಂದು ತೋರಿದರೂ ಎಲ್ಲವೂ ಓರಗೆಯವೇ. ಅದು ದುಂದುಗಾರ, ಬೇಗ ಬರಿದಾಯಿತು, ಅಷ್ಟೆ.

ಈ ಲೆಕ್ಕದಂತೆ ಗುಚ್ಛದ ವಯಸ್ಸು ಸುಮಾರು 1 ಕೋಟಿ 40 ಲಕ್ಷ ವರ್ಷ. ಇದು ಎಷ್ಟು ಎಳೆಯ ಪ್ರಾಯವೆಂದು ತಿಳಿಯಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಸಂಜೆ ವಾಯುವಿಹಾರಕ್ಕೆ ಬಂದವರು ಕೂರುವ ಆ ಕಲ್ಲು ಈ ನಕ್ಷತ್ರಗಳಿಗಿಂತ ಇನ್ನೂರು ಪಟ್ಟು ಹಿರಿಯದು. ವಿಜಯಪುರ, ಕಲಬುರಗಿ ಸೀಮೆಯ ಕಪ್ಪು ನೆಲದ ಕೆಳಗಿರುವ ಲಾವಾ ಶಿಲೆ ಸುಮಾರು ಆರೂವರೆ ಕೋಟಿ ವರ್ಷ ಹಿಂದಿನದು. ಆ ಲಾವಾ ಹರಿದು ಆರಿದಾಗ ಈ ನಕ್ಷತ್ರಗಳು ಇನ್ನೂ ಹುಟ್ಟಿರಲೇ ಇಲ್ಲ. ಕೃತ್ತಿಕೆಯನ್ನೂ ಎಳೆಯ ಗುಚ್ಛವೆಂದೇ ಹೇಳುತ್ತಾರೆ. ಅದರ ವಯಸ್ಸು ಸುಮಾರು ಹತ್ತು ಕೋಟಿ ವರ್ಷ. ಅದರ ಮುಂದೆ ರತ್ನದ ಪೆಟ್ಟಿಗೆ ತೊಟ್ಟಿಲ ಕೂಸು. ಆಕಾಶ ಅನಾದಿ, ಭೂಮಿ ಈಚಿನದು ಎಂಬ ಸಾಮಾನ್ಯ ಭಾವನೆ ಇಲ್ಲಿ ತಲೆಕೆಳಗಾಗುತ್ತದೆ.

ದೂರದ ಲೆಕ್ಕ ಇನ್ನೂ ತೊಡಕಿನದಾಗಿತ್ತು. ನಕ್ಷತ್ರಗಳ ನಡುವಿನ ಬಯಲು ಬರಿದು ಎಂದೇ ಖಗೋಳಜ್ಞರು ಬಹುಕಾಲ ನಂಬಿದ್ದರು. ಅಮೆರಿಕದ ಲಿಕ್ ವೀಕ್ಷಣಾಲಯದ ರಾಬರ್ಟ್ ಟ್ರಂಪ್ಲರ್ 1930ರಲ್ಲಿ ನೂರು ಮುಕ್ತ ಗುಚ್ಛಗಳನ್ನು ಹೋಲಿಸಿ ನೋಡಿದರು. ಗುಚ್ಛ ದೂರವಾದಂತೆಲ್ಲ ಅದರ ಗಾತ್ರವೂ ದೊಡ್ಡದಾಗುತ್ತಾ ಹೋಗುವಂತೆ ಲೆಕ್ಕ ತೋರಿಸುತ್ತಿತ್ತು. ಇದು ಅಸಂಭವ. ನಡುವೆ ಇರುವ ದೂಳು ಬೆಳಕನ್ನು ಕುಂದಿಸುತ್ತಿದೆ, ಹಾಗಾಗಿ ಗುಚ್ಛಗಳು ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತಿವೆ ಎಂದು ಅವರು ತೀರ್ಮಾನಿಸಿದರು. ಕ್ಷೀರಪಥದ ಅಳತೆಯನ್ನೇ ತಿದ್ದಿದ ಈ ತಿಳಿವಳಿಕೆ ಬಂದದ್ದು ಇಂಥ ಪುಟ್ಟ ಗುಚ್ಛಗಳಿಂದ.

ದೂಳಿನ ಲೆಕ್ಕ ಕಳೆದು ನೋಡಿದರೆ ರತ್ನದ ಪೆಟ್ಟಿಗೆ ಸುಮಾರು 6,400 ಜ್ಯೋತಿರ್ವರ್ಷ ದೂರದಲ್ಲಿದೆ. ಪಕ್ಕದ ಕಪ್ಪು ಮಚ್ಚೆ ಸುಮಾರು 600 ಜ್ಯೋತಿರ್ವರ್ಷ ದೂರದ ದೂಳಿನ ಮೋಡ. ಅಕ್ಕಪಕ್ಕದಲ್ಲಿ ಕಂಡರೂ ಒಂದು ಮನೆಯಂಗಳದ ಮರ, ಇನ್ನೊಂದು ಅದರಾಚೆ ಬಹು ದೂರದ ಬೆಟ್ಟ. ಇಂದು ಕಾಣುವ ಬೆಳಕು ಆ ಗುಚ್ಛದಿಂದ ಹೊರಟಾಗ ಹರಪ್ಪದ ನಗರಗಳು ಇನ್ನೂ ಎದ್ದಿರಲಿಲ್ಲ.

ಕಾಣುವ ಹಕ್ಕು ಯಾರದು?

ಕಂಡುಹಿಡಿಯುವುದು ಎಂದರೇನು ಎಂಬ ಪ್ರಶ್ನೆಗೆ ಈಗ ಉತ್ತರ ಹುಡುಕಬಹುದು. ಚುಕ್ಕೆಯನ್ನು ಎಷ್ಟೋ ತಲೆಮಾರಿನ ಜನ ನೋಡಿದ್ದರು. ಅದು ಏನಲ್ಲ ಎಂಬುದನ್ನು ಲಕಾಯ್ ಹೇಳಿದ. ಹೇಗಿದೆ ಎಂಬುದನ್ನು ಹರ್ಷೆಲ್ ತೋರಿಸಿದರು. ಏನು ಎಂಬುದನ್ನು ಇಪ್ಪತ್ತನೆಯ ಶತಮಾನದವರು ತಿಳಿಸಿದರು. ಲಕಾಯ್‌ನ ಮೊದಲ ವರ್ಗವನ್ನೇ ನೋಡಿ. ನಕ್ಷತ್ರವಿಲ್ಲದ ಬರೀ ಮಂಜು ಎಂದು ಅವನು ಬರೆದವುಗಳಲ್ಲಿ ‘ಒಮೆಗಾ ಸೆಂಟಾರಿ’ ಲಕ್ಷಾಂತರ ನಕ್ಷತ್ರಗಳ ಗೋಳವಾಗಿ ಹೊರಹೊಮ್ಮಿತು. ಅದೇ ವರ್ಗದ ‘ಟರಾಂಟುಲಾ’ ಮಾತ್ರ ನಿಜವಾದ ಅನಿಲದ ಮೋಡ. ಮಂಜು ಯಾವುದು, ಮಂದಿ ಯಾವುದು ಎಂದು ಅರ್ಧ ಅಂಗುಲದ ಮಸೂರಕ್ಕೆ ಬೇರ್ಪಡಿಸಲಾಗಲಿಲ್ಲ. ಆದರೆ ಎಲ್ಲಿ ನೋಡಬೇಕೆಂಬುದನ್ನು ಅದು ಮುಂದಿನವರಿಗೆ ಹೇಳಿತು. ಶೋಧ ಒಬ್ಬನ ಒಂದು ಕ್ಷಣದ ಸೊತ್ತಲ್ಲ. ಒಬ್ಬರು ಇಟ್ಟ ಗುರುತಿನ ಮೇಲೆ ಮತ್ತೊಬ್ಬರು ಇಡುವ ಗುರುತು.

ಈ ಗುಚ್ಛವೂ ಶಾಶ್ವತವಲ್ಲ. ಮುಕ್ತ ಗುಚ್ಛದ ನಕ್ಷತ್ರಗಳನ್ನು ಹಿಡಿದಿಟ್ಟ ಗುರುತ್ವದ ಕಟ್ಟು ಸಡಿಲ. ಕ್ಷೀರಪಥವನ್ನು ಸುತ್ತುತ್ತಾ ಸುತ್ತುತ್ತಾ ಅವು ಒಂದೊಂದಾಗಿ ಚದುರಿಹೋಗುತ್ತವೆ. ನಮ್ಮ ಸೂರ್ಯನೂ ಒಂದಾನೊಂದು ಕಾಲದಲ್ಲಿ ಇಂಥದೇ ಗುಂಪಿನಲ್ಲಿ ಹುಟ್ಟಿ, ಒಡಹುಟ್ಟಿದವರಿಂದ ಅಗಲಿ ಬಂದದ್ದು ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ಲಕಾಯ್ ಕಂಡದ್ದನ್ನು ಕಾಣಲು ಕೇಪ್ ಟೌನ್‌ಗೆ ಹೋಗಬೇಕಿಲ್ಲ. ದಕ್ಷಿಣ ಭಾರತದವರಿಗೆ ಪ್ಯಾರಿಸಿನವರಿಗೂ ಲಂಡನ್ನಿನವರಿಗೂ ಇಲ್ಲದ ಭಾಗ್ಯ ಇದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ ವೀಕ್ಷಣಾಲಯಕ್ಕೂ ದಕ್ಷಿಣದ ಆಕಾಶ ಹೀಗೆ ಎಟುಕುತ್ತದೆ. ಮೇ ತಿಂಗಳ ಆರಂಭದಲ್ಲಿ ರಾತ್ರಿ ಹತ್ತರಿಂದ ಹತ್ತೂವರೆಯ ಹೊತ್ತಿಗೆ, ತಿಂಗಳ ಕೊನೆಯಲ್ಲಿ ಎಂಟರಿಂದ ಎಂಟೂವರೆಯ ಹೊತ್ತಿಗೆ ತ್ರಿಶಂಕು ದಕ್ಷಿಣದಲ್ಲಿ ನೆಟ್ಟಗೆ ನಿಲ್ಲುತ್ತಾನೆ. ಬೆಂಗಳೂರು, ಮಂಗಳೂರು, ಮೈಸೂರುಗಳ ಅಕ್ಷಾಂಶದಲ್ಲಿ ರತ್ನದ ಪೆಟ್ಟಿಗೆ ದಿಗಂತದಿಂದ ಸುಮಾರು 17 ಡಿಗ್ರಿ ಮೇಲಿರುತ್ತದೆ. ಬೀದರಿನಲ್ಲಿ 12 ಡಿಗ್ರಿಯಷ್ಟು. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಎಂದು ಇಟ್ಟುಕೊಂಡರೆ ಅಳೆಯುವುದು ಸುಲಭ.

ಕಷ್ಟ ಇರುವುದು ಬೇರೆ ಕಡೆ. ಇಷ್ಟು ಕೆಳಗಿರುವ ನಕ್ಷತ್ರಗಳನ್ನು ಊರಿನ ದೀಪಗಳ ಹೊಳಪು ಮೊದಲು ನುಂಗುತ್ತದೆ. ದೊಡ್ಡ ನಗರದ ಉತ್ತರ ಅಂಚಿನಲ್ಲಿ ನಿಂತವನಿಗೆ ದಕ್ಷಿಣವೆಂದರೆ ಬರೀ ಮಬ್ಬು ಬೆಳಕು. ಅರ್ಧ ಅಂಗುಲದ ಗಾಜಿನಲ್ಲಿ ಲಕಾಯ್ ಕಂಡದ್ದನ್ನು ಅದಕ್ಕಿಂತ ನಾಲ್ಕು ಪಟ್ಟು ಅಗಲದ ಮಸೂರವಿದ್ದೂ ಅಲ್ಲಿ ಕಾಣಲಾಗದು. ಕೊರತೆ ಇರುವುದು ಉಪಕರಣದ್ದಲ್ಲ, ಕತ್ತಲೆಯದು. ಅನಗತ್ಯ ದೀಪಗಳನ್ನು ಆರಿಸುವುದು, ಬೀದಿದೀಪದ ಬೆಳಕು ಮೇಲಕ್ಕೆ ಚೆಲ್ಲದಂತೆ ಮುಚ್ಚಳ ಹಾಕುವುದು ಖರ್ಚಿನ ಕೆಲಸವೇನಲ್ಲ. ಕರೆಂಟಿನ ಉಳಿತಾಯವೂ ಆಗುತ್ತದೆ.

ಹಳ್ಳಿಯ ದಾರಿಯಲ್ಲೋ, ಕರಾವಳಿಯ ಮರಳಿನ ಮೇಲೋ, ದಕ್ಷಿಣಕ್ಕೆ ತೆರೆದ ಬಯಲು ಸಿಕ್ಕರೆ ಸಾಕು. ಬೇಸಿಗೆ ರಜೆಗೆ ಬಂದ ಮಕ್ಕಳನ್ನು ಕರೆದುಕೊಂಡು, ಚಂದ್ರನಿಲ್ಲದ ರಾತ್ರಿ ನೋಡಿ ಹೊರಡಿ. ಮೊದಲು ಗಾಳಿಪಟದ ನಾಲ್ಕು ಮೂಲೆಗಳನ್ನು ಗುರುತಿಸಿ. ಅದರ ಎಡಮೂಲೆಯ ನಕ್ಷತ್ರವನ್ನು ಬೈನಾಕ್ಯುಲರ್ ನಡುವೆ ಇಟ್ಟುಕೊಳ್ಳಿ. ಅದೇ ನೋಟದಲ್ಲಿ, ತುಸು ಎಡಕ್ಕೆ ಕೆಳಗೆ, ಒಂದು ಚುಕ್ಕೆ ಒಂದಾಗಿರಲು ಒಪ್ಪದೆ ಬಿಡಿಬಿಡಿಯಾಗುವುದು ಕಾಣುತ್ತದೆ.